ದಾರ ಕಂಡ ಟೈರು

ಯಶವಂತಪುರದ ನಮ್ಮ ರಸ್ತೆಯ ಸೈಕಲ್ ರಿಪೇರಿಯವರು ಟೈರನ್ನು ನೋಡುವುದಕ್ಕಿಂತ ಹೆಚ್ಚಾಗಿ ಮುಟ್ಟುತ್ತಿದ್ದರು. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಹೆಬ್ಬೆರಳು ಆಡಿಸುವರು. ರಬ್ಬರು ಸವೆದು ಒಳಗಿನ ನೂಲು ಕೈಗೆ ಸಿಕ್ಕರೆ, "ದಾರ ಕಾಣ್ತಲ್ಲ, ಮುಗೀತು ಕಣ್ರೀ. ಬೇರೆ ಹಾಕ್ಸಿ" ಎನ್ನುವರು. ಎಷ್ಟು ಗೋಗರೆದರೂ ಅಂಥ ಟೈರಿಗೆ ಗಾಳಿ ಹೊಡೆಯುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭದ ಒಂದು ಬೆಳಿಗ್ಗೆ ನಾನು ಅಲ್ಲೇ ನಿಂತಿದ್ದೆ. ಫ್ಯಾಕ್ಟರಿಗೆ ಹೊರಟಿದ್ದ ಅವರ ತಮ್ಮ, ಮುಂದಿನ ಟೈರು ಹರಿದ ಸೈಕಲ್ ತಂದ.

"ಇವತ್ತೊಂದಿನ ಓಡ್ಲಿ ಅಣ್ಣ. ಲೇಟಾದ್ರೆ ಗೇಟ್ ಹಾಕ್ಬಿಡ್ತಾರೆ."

ಅವರು ಗೊಣಗುತ್ತಲೇ ಹರಿದ ಕಡೆ ಒಳಗಿನಿಂದ ಹಳೆಯ ಟೈರಿನ ತುಂಡೊಂದನ್ನು ಇಟ್ಟು ಗಾಳಿ ತುಂಬಿದರು. "ಸಂಜೆ ಬಂದ್ಮೇಲೆ ಬದಲಾಯಿಸೋಣ. ಮೆಲ್ಲಗೆ ಹೋಗು" ಎಂದರು.

ಹೆಬ್ಬಾಳದ ಇಳಿಜಾರಿನಲ್ಲಿ ಆ ಟೈರು ಒಡೆಯಿತು. ಹಿಂದೆ ಬರುತ್ತಿದ್ದ ಲಾರಿಯ ಕೆಳಗೆ ತಮ್ಮ ಬಿದ್ದ. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು.

ತಿಂಗಳ ಮೇಲೆ ಅಂಗಡಿ ತೆರೆಯಿತು. ಏನು ಮಾತಾಡುವುದೆಂದು ತಿಳಿಯದೆ ನನ್ನ ಸೈಕಲ್ಲನ್ನು ಮುಂದೆ ನಿಲ್ಲಿಸಿ, "ಈ ಟೈರು ಇನ್ನೆಷ್ಟು ದಿನ ಬರುತ್ತೆ ನೋಡಿ" ಎಂದೆ.

ಬಗ್ಗಿದವರು ಮುಟ್ಟದೆ ಹಾಗೇ ಎದ್ದು ನಿಂತರು.

"ನನ್ನ ಕೇಳ್ಬೇಡಿ ಸಾರ್. ಬೇರೆ ಕಡೆ ತೋರ್ಸಿ."

ಅದು ಎರಡು ತಿಂಗಳ ಹಿಂದಷ್ಟೇ ಅವರೇ ಹಾಕಿಕೊಟ್ಟ ಹೊಸ ಟೈರು.