ಚಾಕೊಲೇಟು ಕಡೆಯುವ ಫೆಲಿಸಾ ಸಾಲ ವಸೂಲಿ ಮಾಡಿದ್ದು

ಎರಡೂ ಅಂಗೈಗಳ ನಡುವೆ ಕಡೆಗೋಲು ತಿರುಗಿಸುತ್ತಲೇ ಫೆಲಿಸಾ ಮೊಣಕೈಯಿಂದ ಬೆಕ್ಕನ್ನು ಅತ್ತ ಸರಿಸುತ್ತಾಳೆ. ಎತ್ತರದ ಪಾತ್ರೆಯಲ್ಲಿ ಬಿಸಿ ಚಾಕೊಲೇಟು ನೊರೆಯೇರುತ್ತಿದೆ. ಡುಮಗೇಟಿ ಊರಿನ ಮಾರುಕಟ್ಟೆಗೆ ಇನ್ನೂ ಬೆಳಕು ಹರಿದಿಲ್ಲ. ಮೀನು ಮಾರುವ ಪೆತ್ರಾ ಆಗಲೇ ಬೆಂಚು ಹಿಡಿದಿದ್ದಾಳೆ.

"ಏನೇ, ಕೋರ್ಟಿಗೆ ಹೋಗಿ ಬಂದ್ಮೇಲೆ ನೊರೆ ಜಾಸ್ತಿ ಬರ್ತಿದೆ?"

"ಸುಮ್ನೆ ಕುಡಿ. ಇನ್ಮೇಲೆ ನೊರೆಗೂ ಬೇರೆ ದುಡ್ಡು."

ಮಾರುಕಟ್ಟೆಯ ಈ ಮೂಲೆ ಫೆಲಿಸಾಳಿಗೆ ತಾಯಿಯಿಂದ ಬಂದದ್ದು. ಅಂಟಕ್ಕಿಯ ಅನ್ನ, ಚಾಕೊಲೇಟು, ಹಂಗಾಮಿನಲ್ಲಿ ಮಾವು. ಹೀಗೆ ಮಾರಿ ಕೂಡಿಟ್ಟ ಅರವತ್ತು ಸಾವಿರ ಪೆಸೊ ಹೊಸ ಮಾರುಕಟ್ಟೆ ಕಟ್ಟಡದಲ್ಲಿ ಮಳಿಗೆಯ ಮುಂಗಡಕ್ಕೆಂದು ಇಟ್ಟದ್ದು. ಅದನ್ನು ಕಟ್ಟದಿದ್ದರೆ, ಹಳೆಯ ಮಾರುಕಟ್ಟೆ ಮುಚ್ಚಿದಾಗ ಈ ಮೂಲೆಯ ಜೊತೆ ವ್ಯಾಪಾರವೂ ಹೋಗುತ್ತಿತ್ತು. ಆ ಹಣವನ್ನೇ ಆಕೆ ತನ್ನ ಜೊತೆ ಬಾಳುತ್ತಿದ್ದ ಆರ್ಸೆನ್ಯೋಗೆ ಸಾಲ ಕೊಟ್ಟಳು. ಅದರಲ್ಲಿ ಆತ, ಬೈಕಿನ ಪಕ್ಕಕ್ಕೆ ಜನ ಕೂರುವ ತೊಟ್ಟಿಲು ಜೋಡಿಸಿದ ಬಾಡಿಗೆ ಗಾಡಿ ಕೊಂಡು, ಅದರ ಹಣೆಯ ಮೇಲೆ ಹಳದಿ ಅಕ್ಷರದಲ್ಲಿ 'ಫೆಲಿಸಾ' ಎಂದು ಬರೆಸಿದ. ಅದನ್ನು ಕಂಡು ಕರಗಿದವಳು ಸಾಲಪತ್ರ ಬರೆಸಿಕೊಳ್ಳಲಿಲ್ಲ.

ವರ್ಷ ತಿರುಗುವುದರೊಳಗೆ ಆತ ಇನ್ನೊಬ್ಬಳ ಮನೆ ಸೇರಿದ. "ನನ್ನ ಹೆಸರಿನ ಗಾಡೀಲಿ ಅವಳು ಕೂತ್ಕೊಂಡು ಹೋಗೋಳು. ಇವನು ಹಾರ್ನ್ ಬೇರೆ ಹೊಡೆಯೋನು," ಎಂದು ಫೆಲಿಸಾ ನಗುತ್ತಾಳೆ. ಆಗ ನಕ್ಕಿರಲಿಲ್ಲ.

ಕೇರಿಯ ಮುಖಂಡರು ರಾಜಿಗೆ ಕರೆದರೂ ಆತ ಬರಲಿಲ್ಲ. ಉಳಿದದ್ದು ಸಣ್ಣ ದಾವೆಗಳ ಕೋರ್ಟು. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ; ತನ್ನ ಮಾತನ್ನು ತಾನೇ ಆಡಬೇಕು. ಗಿರಾಕಿಯ ಹತ್ತಿರ ಬಾಕಿ ಕೇಳಲೂ ನಾಚುವವಳು ಫೆಲಿಸಾ.

"ಅದು ಸಾಲ ಅಲ್ಲ ಮೇಡಂ, ಪ್ರೀತಿಗೆ ಕೊಟ್ಟಿದ್ದು. ನೋಡಿ, ಗಾಡಿ ಮೇಲೆ ಅವಳ ಹೆಸರೇ ಇದೆ," ಎಂದ ಆರ್ಸೆನ್ಯೋ, ವಿಚಾರಣೆಯ ದಿನ ನ್ಯಾಯಾಧೀಶೆಗೆ.

ಫೆಲಿಸಾ ಎದ್ದು ನಿಂತು ಹೇಳಿದಳು: "ಹೆಸರು ಪುಕ್ಕಟೆ ಕೊಟ್ಟೆ ಮೇಡಂ. ದುಡ್ಡಲ್ಲ."

ಆಮೇಲೆ ಪೆತ್ರಾ ಬರೆದುಕೊಟ್ಟ ಸಾಕ್ಷಿ ಓದಲಾಯಿತು. ಪಾದ್ರಿ ಹೊಸ ಗಾಡಿಗೆ ತೀರ್ಥ ಚಿಮುಕಿಸಿದ ದಿನ, ಸುಟ್ಟ ಹಂದಿಯ ಊಟಕ್ಕೆ ಕೂತವರ ಮುಂದೆ ಆರ್ಸೆನ್ಯೋ ಲೋಟ ಎತ್ತಿ, ಬರುವ ಊರಹಬ್ಬದೊಳಗೆ ಫೆಲಿಸಾಳ ಸಾಲ ತೀರಿಸುತ್ತೇನೆ ಎಂದು ಸಾರಿದ್ದ.

"ಹೇಳಿದ್ದು ನಿಜವೇನ್ರಿ?" ನ್ಯಾಯಾಧೀಶೆ ಕೇಳಿದರು.

"ಕುಡಿದಾಗ ಎಲ್ರೂ ಹೇಳ್ತಾರೆ, ಮೇಡಂ."

ಅಂದೇ ತೀರ್ಪಾಯಿತು: ಪೂರ್ತಿ ಹಣ ಕೊಡಬೇಕು. ಆತ ಗಾಡಿ ಮಾರಿ ತಂದುಕೊಟ್ಟ. ಮುಂಗಡ ಕಟ್ಟಿಯಾಗಿದೆ. ಗಾಡಿ ಕೊಂಡವನು ಹಳೆಯ ಹೆಸರನ್ನು ಕೆರೆದು ತೆಗೆದಿದ್ದಾನೆ.

"ಹೊಸ ಮಳಿಗೆಗೆ ಬೋರ್ಡಿನ ಮೇಲೆ ಏನ್ ಬರೆಸ್ತೀಯೆ? ಅಮ್ಮನ ಹೆಸರಾ?" ಪೆತ್ರಾ ಲೋಟ ಕೆಳಗಿಡುತ್ತಾಳೆ.

"ನೋಡೋಣ ಬಿಡೇ."

ಫೆಲಿಸಾ ಕಡೆಗೋಲು ತೊಳೆದು ಒರಗಿಸುತ್ತಾಳೆ. ಆ ಗಾಡಿಯ ಮೇಲೆ ಹೆಸರು ಬರೆದವನ ಮನೆ ಆಕೆಗೆ ಗೊತ್ತು. ಅದೇ ಹಳದಿ ಅಕ್ಷರ, ಅದೇ ಹೆಸರು. ಈ ಸಲ ಕೂಲಿ ಕೊಡುವವಳು ತಾನೇ. ಪೆತ್ರಾಳಿಗೆ ಈಗಲೇ ಹೇಳುವುದಿಲ್ಲ.