ಬಸ್ಸಿನ ಗಾಜಿನ ಮೇಲೆ ಇ ಪವರ್ ಎಕ್ಸ್

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸಿನ ಕಿಟಕಿ ತೊಳೆಯುವವರು ಇನ್ನೂ ಹುಟ್ಟಿಲ್ಲ. ಒಳ್ಳೆಯದೇ ಆಯಿತು ಅನ್ನಿ. ನಾನು ಪಿಯುಸಿ ಗಣಿತ ಕಲಿತದ್ದು ಆ ಗಾಜಿನ ಧೂಳಿನ ಮೇಲೆಯೇ. ಕಲಿತದ್ದು ಎನ್ನುವುದು ದೊಡ್ಡ ಮಾತು. ಎರಡು ಸಲ ಫೇಲಾದೆ.

ಕಲಿಸಿದವರು ಭಾವ, ನನ್ನ ಅಕ್ಕನ ಗಂಡ. ಚಾಮರಾಜನಗರದ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಬಸ್ಸು ಹೊರಟರೆ ಸಾಕು, ಗಾಜಿನ ಮೇಲೆ ಬೆರಳಲ್ಲಿ ಇ ಪವರ್ ಎಕ್ಸ್ ಬರೆದು, ಡಿಫರೆನ್ಶಿಯೇಟ್ ಮಾಡು ಎನ್ನುವರು. ಎಕ್ಸ್ ಸ್ಕ್ವೇರಿಗೆ ಎರಡನ್ನು ಇಳಿಸುವ ಹಾಗೆ ನಾನು ಮೇಲಿದ್ದ ಎಕ್ಸನ್ನು ಕೆಳಗಿಳಿಸಿ, ಮೇಲೆ ಒಂದು ಕಳೆದು, ಗೆದ್ದವನಂತೆ ಕೂರುತ್ತಿದ್ದೆ.

"ಅದ್ಯಾಕ್ಲಾ ಇಳಿಸ್ಬುಟ್ಟೆ? ಅದರ ಸ್ಟಾಪು ಇನ್ನೂ ಬಂದಿಲ್ಲ ಕಣ್ಲಾ! ಇ ಪವರ್ ಎಕ್ಸು ಎಷ್ಟ್ ಸಲ ಮಾಡುದ್ರೂ ಅಂಗೇ ಇರ್ತದೆ, ನಿನ್ ಮಾರ್ಕ್ಸ್‌ನಂಗೆ."

ಚೆಂಡುಹೂವಿನ ಚೀಲ ಹಿಡಿದು ಕೂತ ಹೆಂಗಸರೂ ನಗುತ್ತಿದ್ದರು. ಅವರಿಗೆ ಗಣಿತ ಗೊತ್ತಿರಲಿಲ್ಲ, ನಾನು ಗೊತ್ತಿದ್ದೆ.

ಭಾವ ತೀರಿಕೊಂಡು ಒಂದು ವರ್ಷವಾಯಿತು. ಎದೆನೋವೆಂದು ಕೂತವರು ಏಳಲಿಲ್ಲ. ತಿಥಿಗೆ ಬಂದವರು ಪಾಯಸಕ್ಕೆ ಬೆಲ್ಲ ಕಡಿಮೆಯೆಂದು ತಿಳಿಸಿ, ಕೈ ತೊಳೆದು, "ದಿನ ಕಳ್ದಂಗೆ ಎಲ್ಲಾ ಮರ್ತೋಯ್ತದೆ ಬುಡು" ಎಂದು ಉತ್ತರ ಕೊಟ್ಟು ಹೋದರು. ಒಬ್ಬರೂ ಸ್ಟೆಪ್ಸ್ ತೋರಿಸಲಿಲ್ಲ.

ಮೊನ್ನೆ ಅದೇ ಬಸ್ಸಿನಲ್ಲಿ ಭಾವನ ಮಗಳು ನನ್ನ ಪಕ್ಕ ಕೂತಿದ್ದಳು. ಅವತ್ತು ಅವಳಿಗೆ ಗಣಿತದ ಟೆಸ್ಟು. ಅಪ್ಪ ಹೋದಮೇಲೆ ಗಣಿತದ ನೋಟ್‌ಬುಕ್ ತೆರೆಯದೆ, ಸೈನ್ಸೇ ಬಿಡುತ್ತೇನೆಂದು ಹಟ ಹಿಡಿದಿದ್ದಳು.

"ಮಾಮ, ನಂಗೆ ಲಾಗ್ ಎಕ್ಸ್‌ದು ಬರಲ್ಲ. ಅಪ್ಪ ಅದ್ನ ಹೇಳ್ಕೊಡೋಕ್ ಮುಂಚೇನೆ..."

ಎರಡು ಸಲ ಫೇಲಾದವನನ್ನು ಕೇಳುವ ಗತಿ ಬಂತಲ್ಲ! ಆದರೂ ಗಾಜಿನ ಮೇಲೆ, ಏರುತ್ತ ಏರುತ್ತ ಮಲಗಿಕೊಳ್ಳುವ ಒಂದು ಗೆರೆ ಎಳೆದೆ.

"ನೋಡಮ್ಮಿ, ಇದುನ್ನ ಡಿಫರೆನ್ಶಿಯೇಟ್ ಮಾಡುದ್ರೆ ಒನ್ ಬೈ ಎಕ್ಸ್. ಎಕ್ಸ್ ದೊಡ್ಡದಾದಂಗೆಲ್ಲ ಏರೋ ಜೋರು ಕಮ್ಮಿ ಆಯ್ತದೆ."

"ಸೊನ್ನೆ ಆಯ್ತದಾ?"

"ಎಷ್ಟ್ ದೂರ ಹೋದ್ರೂ ಆಗಕಿಲ್ಲ ಕಣಮ್ಮಿ."

ಅವಳು ಆ ಗೆರೆಯನ್ನೇ ನೋಡಿದಳು. ಆಮೇಲೆ ಅದರ ಕೆಳಗೆ ತಾನೇ ಇ ಪವರ್ ಎಕ್ಸ್ ಬರೆದು, ಎಕ್ಸನ್ನು ಇಳಿಸಿ, ಮೇಲೆ ಒಂದು ಕಳೆದಳು. ಅಪ್ಪನ ಕೈಯಲ್ಲಿ ಅದನ್ನು ನೂರು ಸಲ ಕಲಿತವಳು! ಬೆರಳು ತೆಗೆಯದೆ ನನ್ನ ಮುಖ ನೋಡುತ್ತ ಕಾದಳು.

"ಅದ್ಯಾಕಮ್ಮಿ ಇಳಿಸ್ಬುಟ್ಟೆ?" ಎಂದೆ. "ಅದರ ಸ್ಟಾಪು ಇನ್ನೂ ಬಂದಿಲ್ಲ."

ಅವಳು ನಕ್ಕಳು. ವೇಲಿನ ತುದಿಯಿಂದ ಕಣ್ಣನ್ನೂ ತಪ್ಪನ್ನೂ ಒರೆಸಿ, ಸರಿಯಾಗಿ ಬರೆದಳು. ನಗರ ಬಂದಾಗ ನೋಟ್‌ಬುಕ್ ತೆರೆದುಕೊಂಡೇ ಇಳಿದಳು.