ತಂಗಿಯ ಮನೆಗೆ ಎರಡು ಸಲ ಹೋದ ಟೀಚರಮ್ಮ

ಹೋದ ವಾರ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ರಾಚಿತು. ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಬೀರುವಿನ ಬಾಗಿಲು ಹಿಡಿದು ಹಾಗೇ ನಿಂತೆ. ನನ್ನ ಪಾಲಿಗೆ ಅದು ಭಾನುವಾರದ ವಾಸನೆ... ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ, ನಮ್ಮ ಚರ್ಚಿನ ಎರಡನೇ ಬೆಂಚಿನಲ್ಲಿ ಬಿಳಿ ಸೀರೆ ಉಟ್ಟು ಕೂರುತ್ತಿದ್ದ ಟೀಚರಮ್ಮನ ವಾಸನೆ. ಕರ್ತನ ಭೋಜನವಿರುವ ಭಾನುವಾರಕ್ಕೆಂದೇ ಅವರು ಆ ಸೀರೆಯನ್ನು ಟ್ರಂಕಿನಿಂದ ತೆಗೆಯುತ್ತಿದ್ದರು. ಆದರೆ ಪಾದ್ರಿ ಅಯ್ಯನವರು ಆ ಭೋಜನದ ರೊಟ್ಟಿ, ದ್ರಾಕ್ಷಾರಸ ಹಿಡಿದು ಸಭೆಯನ್ನು ಮುಂದಕ್ಕೆ ಕರೆದಾಗ ಎಲ್ಲರೂ ಎದ್ದರೂ ಅವರು ಏಳುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತೇ ಇರುತ್ತಿದ್ದರು.

ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. "ಏನೋ ದೊಡ್ಡ ಪಾಪ ಇರ್ಬೇಕು" ಅಂತ ಕೆಲವರು, "ಜಂಭ ಕಣ್ರೀ" ಅಂತ ಇನ್ನು ಕೆಲವರು.

ನನ್ನಪ್ಪ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸದವರು. ಅಮ್ಮನಿಗೆ ಓದು ಬಾರದು. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ಕಾರ್ಖಾನೆಯ ಸೈರನ್‌ಗೆ ಎದ್ದು, ಬೀದಿ ನಲ್ಲಿಯಲ್ಲಿ ನೀರು ಹಿಡಿದು, ಆಮೇಲೆ ಪುಸ್ತಕ ಹಿಡಿದವಳು. ಇದನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ. ಕೊನೆಯ ವರ್ಷದಲ್ಲಿದ್ದಾಗ ಚರ್ಚಿನ ದೃಢೀಕರಣದ ತರಗತಿಗೂ ಸೇರಿದೆ. ದೃಢೀಕರಣವಾದ ಮೇಲೆಯೇ ನಮ್ಮಲ್ಲಿ ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವುದು. ನಮಗೆ ಕಲಿಸುತ್ತಿದ್ದವರು ಟೀಚರಮ್ಮ. ಕಾಲೇಜಿನ ಪರೀಕ್ಷೆಗೆ ಓದಿದ ಹಾಗೇ ಪ್ರಶ್ನೋತ್ತರಗಳನ್ನೆಲ್ಲ ಗಟ್ಟಿ ಮಾಡಿ ಒಂದೇ ಉಸಿರಿಗೆ ಒಪ್ಪಿಸಿದೆ.

"ಎಲ್ಲಾ ಸರಿಯಾಗ್ ಹೇಳ್ದೆ ಕಣೇ," ಅಂದರು. "ಈಗ ಇದನ್ನ ಹೇಳು. ಯಾರ ಜೊತೆಗಾದ್ರೂ ಟೂ ಬಿಟ್ಟಿದೀಯಾ?"

ತರಗತಿಯೆಲ್ಲ ಗೊಳ್ಳೆಂದಿತು. ಟೂ ಬಿಡುವುದೆಂದರೆ ಪುಟ್ಟ ಮಕ್ಕಳು ಬಳಪಕ್ಕೋ ಪೆಪ್ಪರ್‌ಮಿಂಟಿಗೋ ಜಗಳವಾಡಿ ಮಾತು ನಿಲ್ಲಿಸುವುದು.

"ನಗ್ಬೇಡಿ. ದೊಡ್ಡೋರು ಬಿಟ್ರೂ ಅದು ಟೂನೇ. ವೈಮನಸ್ಸು ಅಂತ ಭಾರಿ ಹೆಸರಿಟ್ಟು ಅದಕ್ಕೆ ಮರ್ಯಾದೆ ಕೊಡ್ತೀವಿ, ಅಷ್ಟೇ. ಮನಸ್ಸು ಸಿದ್ಧ ಮಾಡ್ಕೊಳ್ಳೋದು ಅಂದ್ರೆ ಬಾಯಿಪಾಠ ಅಲ್ಲ. ಟೂ ಬಿಟ್ಟೋರ ಮನೇಗೆ ಹೋಗಿ ಬರೋದು."

ನಮ್ಮಲ್ಲೊಬ್ಬಳು ಬಾಯಿ ಜೋರಿನವಳಿದ್ದಳು. "ನೀವು ಯಾರ್ ಜೊತೆ ಬಿಟ್ಟಿದೀರ ಟೀಚರ್? ಅದಕ್ಕೇನಾ ಮುಂದೆ ಹೋಗಲ್ಲ?" ಎಂದು ಕೇಳಿಯೇಬಿಟ್ಟಳು.

ಗದರುತ್ತಾರೆ ಅಂದುಕೊಂಡೆವು. ಟೀಚರಮ್ಮ ಸೆರಗು ಸರಿಮಾಡಿಕೊಂಡು, "ತಂಗಿ ಜೊತೆ," ಅಂದರು.

ಆಮೇಲೆ ಅವರೇ ಎಲ್ಲ ಹೇಳಿದರು. ಅವರಿಗಿದ್ದವಳು ಒಬ್ಬಳೇ ತಂಗಿ. ಕೆಂಗೇರಿಯ ಹಿಂದೂ ರೈತರ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಹಣೆಗೆ ಕುಂಕುಮವಿಟ್ಟು ಅಕ್ಕನನ್ನು ನೋಡಲು ಬಂದಾಗ ಟೀಚರಮ್ಮ ಹೊಸ್ತಿಲಲ್ಲೇ ತಡೆದು, "ಅದನ್ನ ಒರೆಸ್ಕೊಂಡು ಒಳಗೆ ಬಾ" ಅಂದಿದ್ದರು. ತಂಗಿ ಬಂದ ದಾರಿಯಲ್ಲೇ ತಿರುಗಿ ಹೋಗಿದ್ದಳು. ಟೀಚರಮ್ಮ ಅಂದಿನಿಂದ ಆ ರೊಟ್ಟಿ ಮುಟ್ಟಿರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ. ತನ್ನಿಂದ ಆಗದು ಎಂದು ಅವರೇ ಕೂತುಬಿಟ್ಟಿದ್ದರು.

ಈಸ್ಟರಿನ ಹಿಂದಿನ ದಿನ ನಮ್ಮ ಮನೆ ಬಾಗಿಲಿಗೆ ಬಂದರು. "ಕೆಂಗೇರಿಗೆ ಬರ್ತೀಯೇನೇ? ಒಬ್ಳೇ ಹೋದ್ರೆ ಅರ್ಧ ದಾರೀಲೇ ಇಳಿದುಬಿಡ್ತೀನಿ." ಇಬ್ಬರೂ ಹೋದೆವು. ತಂಗಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ನಮ್ಮನ್ನು ಕಂಡೂ ಮೊರ ಕೆಳಗಿಡಲಿಲ್ಲ.

"ನಾಳೆ ಈಸ್ಟರ್ ಅಲ್ವೇನಕ್ಕ?"

"ಹೂಂ ಕಣೇ."

"ಅದಕ್ಕೇ ಬಂದಿದೀಯ. ನಾನು ಆಯ್ತು ಅಂದ್ರೆ ನಿಂಗೆ ನಾಳೆ ರೊಟ್ಟಿ. ನೀನು ಬಂದಿರೋದು ನಿನ್ನ ಊಟಕ್ಕೆ, ನನ್ನ ನೋಡೋಕಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಟೀಚರಮ್ಮನಿಗೆ ಬರಲಿಲ್ಲ. "ನೀನ್ ಹೇಳಿದ್ದು ನಿಜ," ಅಂದರು. ಚಪ್ಪಲಿ ಮೆಟ್ಟಿಕೊಂಡರು. ಮುಂದಿನ ಬಸ್ಸಿಗೆ ತಿರುಗಿ ಬಂದೆವು.

ಮರುದಿನ ನಾವೆಲ್ಲ ಮುಂದೆ ಹೋಗಿ ಮೊದಲ ಸಲ ಮೊಣಕಾಲೂರಿದೆವು. ತಿರುಗಿ ಬರುವಾಗ ನೋಡಿದರೆ, ನಮಗೆ ಕಲಿಸಿದವರು ಎರಡನೇ ಬೆಂಚಿನಲ್ಲಿ ಕೂತೇ ಇದ್ದರು. ಆರಾಧನೆ ಮುಗಿದ ಮೇಲೆ ಅಯ್ಯನವರೇ ಬಂದು ಕೇಳಿದರು, "ಹೋಗಿ ಬಂದ್ರಂತಲ್ಲಮ್ಮ, ಇನ್ನೇನು ತಡೆ?"

"ನನಗೋಸ್ಕರ ಹೋಗ್ಬಂದೆ ಅಯ್ಯನವರೇ. ಅವಳಿಗೋಸ್ಕರ ಇನ್ನೂ ಹೋಗಿಲ್ಲ."

ಸೋಮವಾರ ಬೆಳಗ್ಗೆ ಮತ್ತೆ ಕೆಂಗೇರಿ ಬಸ್ಸು. ನಾನೂ ಜೊತೆಗಿದ್ದೆ. ಅದೇ ಅಂಗಳ, ಅದೇ ಮೊರ.

"ಈಸ್ಟರ್ ಮುಗೀತಲ್ಲಕ್ಕ. ಇನ್ನೇನು?"

"ಮುಗೀತು. ನಾನು ತೊಗೊಳ್ಳಲಿಲ್ಲ. ಇನ್ಮುಂದೆ ಸಿಗದಿದ್ರೂ ಪರವಾಗಿಲ್ಲ. ಅವತ್ತು ಒರೆಸ್ಕೋ ಅಂದೆನಲ್ಲ, ಇವತ್ತು ನೀನು ಹೇಗಿದೀಯೋ ಹಾಗೇ ನೋಡೋಕ್ ಬಂದೆ."

ತಂಗಿ ಮೊರವನ್ನು ಅಕ್ಕನ ಕಡೆಗೆ ತಳ್ಳಿದರು. "ಗರುಡಗಂಬದ ಹಂಗೆ ನಿಂತ್ಕೋಬೇಡ. ಕೂತ್ಕೊಂಡು ಕಲ್ಲು ಆರಿಸು. ಸಾರಿಗಿಡ್ತೀನಿ."

ಟೀಚರಮ್ಮ ನೆಲದ ಮೇಲೇ ಕೂತರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅವರ ಕೈಗೆ ಕಲ್ಲು ಒಂದೂ ಸಿಗಲಿಲ್ಲ ಅಂತ ಕಾಣುತ್ತದೆ.

ಮುಂದೆ ಬಂದ ಭೋಜನದ ಭಾನುವಾರ, ಹಬ್ಬವೂ ಅಲ್ಲ, ಏನೂ ಅಲ್ಲ, ಅವರು ಎದ್ದರು. ಬೆಂಚು ಹಿಡಿದುಕೊಂಡು ನಿಧಾನವಾಗಿ ಮುಂದಕ್ಕೆ ನಡೆದರು. ಜಂಭ ಅಂದವರೇ ಸರಿದು ದಾರಿ ಬಿಟ್ಟರು.

ನಾನು ಆಮೇಲೆ ಡಿಗ್ರಿ ಮುಗಿಸಿದೆ, ಕೆಲಸ ಹಿಡಿದೆ, ದೊಡ್ಡ ದೊಡ್ಡ ಬೋಧಕರ ಪ್ರಸಂಗಗಳನ್ನು ಕೇಳಿದೆ. ದೇವರ ಹತ್ತಿರ ಹೋಗುವುದು ಹೇಗೆಂದು ಎಲ್ಲರೂ ಚೆನ್ನಾಗಿಯೇ ಹೇಳಿದರು. ಹೋದವರೊಬ್ಬರನ್ನು ಪಕ್ಕದಲ್ಲೇ ನಿಂತು ನೋಡಿದ್ದು ಮಾತ್ರ ಕೆಂಗೇರಿಯ ಆ ಅಂಗಳದಲ್ಲಿ. ನಮ್ಮ ಮೊದಲ ಭೋಜನದ ದಿನ ತಾವು ಕೂತಲ್ಲೇ ಕೂತಿದ್ದಾಗ ಎಷ್ಟು ಕಷ್ಟವಾಯಿತು ಅಂತ ಅವರನ್ನು ಕೇಳಬೇಕಿತ್ತು... ಕೇಳಲಿಲ್ಲ. ಈಗ ಕೇಳೋಣವೆಂದರೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ.

ಈ ಭಾನುವಾರ ಚರ್ಚಿನಲ್ಲಿ ಅಯ್ಯನವರು ಭೋಜನಕ್ಕೆ ಕರೆದಾಗ ನಾನು ತಕ್ಷಣ ಏಳಲಿಲ್ಲ. ಯಾರ ಜೊತೆಗಾದರೂ ಟೂ ಬಿಟ್ಟಿದ್ದೇನಾ ಎಂದು ಒಬ್ಬೊಬ್ಬರದೇ ಮುಖ ನೆನೆಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗಿ, "ಆಂಟಿ, ಹೋಗಲ್ವಾ?" ಅಂದಳು.

"ಹೋಗ್ತೀನಮ್ಮ. ಒಂದ್ನಿಮಿಷ."

ಆ ಒಂದು ನಿಮಿಷವನ್ನು ಕಲಿಸಿಕೊಟ್ಟವರು ಇವತ್ತಿಲ್ಲ.